ಮುಂಬಯಿಯಲ್ಲಿ ಸಾಕುಪ್ರಾಣಿ: ಆಶ್ರಯ, ಚಿಕಿತ್ಸೆ ಮತ್ತು ಕಾನೂನು

ಪ್ರತಿ ವರ್ಷ ಏಪ್ರಿಲ್-ಮೇ ತಿಂಗಳು ಬಂತೆಂದರೆ ನಮ್ಮ ಪರಿಚಯದ ಕನ್ನಡ ಕುಟುಂಬಗಳಿಂದ ಒಂದೆರಡಾದರೂ ದೂರವಾಣಿ ಕರೆಗಳು ಬರುವುದುಂಟು. ವರ್ಗಾವಣೆಯ ಆದೇಶ ಕೈಸೇರಿದೆ, ಅಥವಾ ಮಗಳ ಬಾಣಂತನಕ್ಕೆಂದು ಆರು ತಿಂಗಳು ಅಮೆರಿಕಕ್ಕೆ ಹೊರಡಬೇಕಾಗಿದೆ, ಅಥವಾ ಹಳೆಯ ಕಟ್ಟಡ ಪುನರ್ನಿರ್ಮಾಣಕ್ಕೆ ಹೋಗಿ ಬಾಡಿಗೆ ಮನೆ ಹುಡುಕಬೇಕಾಗಿದೆ; ಮನೆಯಲ್ಲಿ ನಾಯಿಯಿದೆ. "ಮುಂಬಯಿಯಲ್ಲಿ ನಾಯಿಗಳನ್ನು ಬಿಡುವ ಆಶ್ರಮ ಎಲ್ಲಿದೆ, ಸ್ವಲ್ಪ ವಿಚಾರಿಸಿ ಹೇಳುತ್ತೀರಾ?" ಎಂಬುದು ಪ್ರಶ್ನೆ. ಕೇಳುವವರು ನಿರ್ದಯಿಗಳಲ್ಲ. ವೃದ್ಧಾಶ್ರಮ, ಅನಾಥಾಶ್ರಮಗಳಿರುವಂತೆ ನಾಯಿಗಳಿಗೂ ಒಂದು ಆಶ್ರಮವಿರುತ್ತದೆ, ಅಲ್ಲಿ ಒಂದಿಷ್ಟು ದೇಣಿಗೆ ಕೊಟ್ಟರೆ ಅದು ಸುಖವಾಗಿರುತ್ತದೆ ಎಂದು ಅವರು ಪ್ರಾಮಾಣಿಕವಾಗಿ ನಂಬಿರುತ್ತಾರೆ. ಆ ನಂಬಿಕೆ ಎಷ್ಟು ಸರಿ, ಈ ನಗರದಲ್ಲಿ ಪ್ರಾಣಿಗಳಿಗಾಗಿ ಇರುವ ವ್ಯವಸ್ಥೆಗಳೇನು, ಪ್ರಾಣಿ ಸಾಕಿದವರ ಹಕ್ಕು ಮತ್ತು ಹೊಣೆಗಳೇನು ಎಂಬುದನ್ನು ಒಂದೆಡೆ ಬರೆದಿಟ್ಟರೆ ಅನುಕೂಲವೆಂದು ತೋರಿ ಈ ಲೇಖನವನ್ನು ಸಿದ್ಧಪಡಿಸಿದ್ದೇವೆ.

ಮುಂಬಯಿಗೂ ಬೀದಿನಾಯಿಗೂ ಇರುವ ನಂಟು ಹಳೆಯದು. 1832ರ ಜೂನ್ ತಿಂಗಳಿನಲ್ಲಿ ಅಂದಿನ ಬ್ರಿಟಿಷ್ ಆಡಳಿತವು ಒಡೆಯರಿಲ್ಲದ ನಾಯಿಗಳನ್ನು ಕೊಲ್ಲಿಸಲು ಹೊರಟು, ಕೊಂದವರಿಗೆ ತಲೆಗಿಷ್ಟೆಂದು ಹಣ ಕೊಡತೊಡಗಿದಾಗ, ಹಣದಾಸೆಗೆ ಸಾಕಿದ ನಾಯಿಗಳನ್ನೂ ಮನೆಯಂಗಳದಿಂದ ಎಳೆದೊಯ್ಯುವ ಪ್ರಸಂಗಗಳು ನಡೆದವು. ನಾಯಿಯನ್ನು ಪವಿತ್ರವೆಂದು ಭಾವಿಸುವ ಪಾರ್ಸಿ ಸಮುದಾಯ ಕೆರಳಿತು. ಅಂಗಡಿಗಳು ಮುಚ್ಚಿದವು, ಕೋಟೆ ಪ್ರದೇಶದಲ್ಲಿ ಗಲಭೆಯಾಯಿತು. ಇತಿಹಾಸಕಾರರು ಇದನ್ನು 'ಬಾಂಬೆ ನಾಯಿ ಗಲಭೆ' ಎಂದೇ ಕರೆದಿದ್ದಾರೆ. ಇದಾದ ಎರಡು ವರ್ಷಗಳಲ್ಲಿ, 1834ರಲ್ಲಿ, ಸರ್ ಜಮ್‌ಶೇಟ್‌ಜೀ ಜೀಜೀಭಾಯ್ ಮತ್ತು ಅಮೀಚಂದ್ ಶಾ ಅವರ ಪ್ರಯತ್ನದಿಂದ ಭುಲೇಶ್ವರದಲ್ಲಿ ಪಾಂಜ್ರಾಪೋಳ ಆರಂಭವಾಯಿತು. ಇಂದು ಅಲ್ಲಿ ಮುಖ್ಯವಾಗಿ ಕಾಣಸಿಗುವುದು ಗೋವುಗಳು. ಹುಟ್ಟಿಗೆ ಕಾರಣವಾದವುಗಳಲ್ಲಿ ನಾಯಿಯೂ ಒಂದೆಂಬುದು ಹೆಚ್ಚಿನವರಿಗೆ ನೆನಪಿಲ್ಲ.

1874ರಲ್ಲಿ ಪ್ರಾಣಿಹಿಂಸೆ ತಡೆ ಸಂಘವು ಮುಂಬಯಿಯಲ್ಲಿ ಸ್ಥಾಪನೆಗೊಂಡಿತು. ಆನಂತರದ ದಶಕದಲ್ಲಿ ಸರ್ ದಿನ್ಶಾ ಮಾಣೆಕ್‌ಜೀ ಪೆಟಿಟ್ ಅವರು ತಮ್ಮ ಪತ್ನಿಯ ಹೆಸರಿನಲ್ಲಿ ನೀಡಿದ ಉದಾರ ದಾನದಿಂದ ಪರೇಲ್‌ನಲ್ಲಿ ಬಾಯಿ ಸಾಕರ್‌ಬಾಯಿ ದಿನ್ಶಾ ಪೆಟಿಟ್ ಪ್ರಾಣಿ ಆಸ್ಪತ್ರೆ ತಲೆಯೆತ್ತಿತು. ಅದೇ ಪರೇಲ್‌ನಲ್ಲಿ 1886ರಲ್ಲಿ ಬಾಂಬೆ ಪಶುವೈದ್ಯಕೀಯ ಕಾಲೇಜು ಪ್ರಾರಂಭವಾಯಿತು. ನಾಯಿ, ಬೆಕ್ಕು, ಕುದುರೆ, ಹಸು, ಸಂಕ್ರಾಂತಿಯ ಗಾಳಿಪಟದ ಮಾಂಜಾ ದಾರಕ್ಕೆ ರೆಕ್ಕೆ ಸಿಕ್ಕಿ ಬಿದ್ದ ಹದ್ದು, ಪಾರಿವಾಳಗಳವರೆಗೆ ಎಲ್ಲವೂ ಬಂದು ಸೇರುವ ಈ ಆಸ್ಪತ್ರೆಯನ್ನು ನೋಡದವರು ಒಮ್ಮೆಯಾದರೂ ನೋಡಬೇಕು. ಕೆ.ಇ.ಎಂ., ಟಾಟಾ ಸ್ಮಾರಕ ಆಸ್ಪತ್ರೆಗಳಿಗೆಂದು ಪರೇಲ್‌ಗೆ ಹೋಗಿ ಬರುವ ನಮ್ಮವರಲ್ಲಿ ಎಷ್ಟು ಮಂದಿ ಈ ಗೇಟಿನೊಳಗೆ ಹೆಜ್ಜೆಯಿಟ್ಟಿದ್ದಾರೋ ತಿಳಿಯದು.

ಮಹಾಲಕ್ಷ್ಮಿಯಲ್ಲಿ 'ವೆಲ್ಫೇರ್ ಆಫ್ ಸ್ಟ್ರೇ ಡಾಗ್ಸ್' ಎಂಬ ಸಂಸ್ಥೆ 1985ರಿಂದ ಕೆಲಸ ಮಾಡುತ್ತಿದೆ. ಬೀದಿನಾಯಿಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ, ರೇಬೀಸ್ ನಿರೋಧಕ ಲಸಿಕೆ, ಬೀದಿಯಲ್ಲಿಯೇ ಪ್ರಥಮ ಚಿಕಿತ್ಸೆ, ಮರಿಗಳಿಗೆ ಮನೆ ಹುಡುಕಿಕೊಡುವುದು ಇವರ ಕಾರ್ಯ. ದೇವನಾರ್‌ನಲ್ಲಿ 'ಇನ್ ಡಿಫೆನ್ಸ್ ಆಫ್ ಅನಿಮಲ್ಸ್', ಮಾಲಾಡ್‌ನಲ್ಲಿ 'ಅಹಿಂಸಾ' ಮೊದಲಾದ ಸಂಸ್ಥೆಗಳು ಇದೇ ಮಾದರಿಯವು. ಇವೆಲ್ಲವುಗಳ ಹಿಂದೆ ಒಂದು ಕಹಿ ಇತಿಹಾಸವಿದೆ. 1990ರ ದಶಕದವರೆಗೂ ನಗರದಲ್ಲಿ ಹಿಡಿದ ಬೀದಿನಾಯಿಗಳನ್ನು ವಿದ್ಯುತ್ ಹಾಯಿಸಿ ಕೊಲ್ಲಲಾಗುತ್ತಿತ್ತು. ಸಾವಿರಾರು ನಾಯಿಗಳನ್ನು ಕೊಂದರೂ ಸಂಖ್ಯೆ ಇಳಿಯಲಿಲ್ಲ. ತೆರವಾದ ಬೀದಿಗೆ ಪಕ್ಕದ ಬೀದಿಯ ನಾಯಿಗಳು ಬಂದು ಮರಿ ಹಾಕುತ್ತಿದ್ದವು. ಚೆನ್ನೈಯಲ್ಲಿ ಕ್ಯಾಪ್ಟನ್ ವಿ. ಸುಂದರಂ ಅವರು ಕಟ್ಟಿದ ಬ್ಲೂ ಕ್ರಾಸ್ ಸಂಸ್ಥೆ 1960ರ ದಶಕದಿಂದಲೇ ಪ್ರತಿಪಾದಿಸಿಕೊಂಡು ಬಂದಿದ್ದ ಸಂತಾನ ನಿಯಂತ್ರಣದ ಮಾರ್ಗವನ್ನು ಮುಂಬಯಿ ಕೊನೆಗೂ ಒಪ್ಪಿಕೊಂಡಿತು. 2014ರಲ್ಲಿ ನಡೆದ ಗಣತಿಯ ಪ್ರಕಾರ ನಗರದಲ್ಲಿದ್ದ ಬೀದಿನಾಯಿಗಳು ಸುಮಾರು 95 ಸಾವಿರ. ಕಿವಿಯ ತುದಿ ಕತ್ತರಿಸಿದ ನಾಯಿಯನ್ನು ಕಂಡರೆ ಯಾರೋ ಹಿಂಸಿಸಿದ್ದಾರೆಂದು ಮರುಗಬೇಕಾಗಿಲ್ಲ. ಅದಕ್ಕೆ ಶಸ್ತ್ರಚಿಕಿತ್ಸೆಯಾಗಿದೆ ಎಂಬುದರ ಗುರುತು ಅದು.

ಮೇಲೆ ಹೇಳಿದ ಸಂಸ್ಥೆಗಳನ್ನು ಗಮನಿಸಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಇವು ಗಾಯಗೊಂಡ, ರೋಗಪೀಡಿತ, ದಿಕ್ಕಿಲ್ಲದ ಪ್ರಾಣಿಗಳ ಆಸ್ಪತ್ರೆಗಳು. ಮನೆಯಲ್ಲಿ ಬೆಳೆದ, ಆರೋಗ್ಯವಂತ ನಾಯಿಯನ್ನು ಜೀವನಪರ್ಯಂತ ಇರಿಸಿಕೊಳ್ಳುವುದಕ್ಕೆ ಇವುಗಳಲ್ಲಿ ಸ್ಥಳವೂ ಇಲ್ಲ, ಅದು ಅವುಗಳ ಉದ್ದೇಶವೂ ಅಲ್ಲ.

ಇದನ್ನು ನಾವು ಪುಸ್ತಕ ಓದಿ ತಿಳಿದುಕೊಂಡದ್ದಲ್ಲ. 2012ರಲ್ಲಿ ಬ್ಯಾಂಕಿನಲ್ಲಿ ಬಡ್ತಿಯ ಜೊತೆಗೆ ನಾಗಪುರಕ್ಕೆ ವರ್ಗಾವಣೆಯಾದಾಗ ನಮ್ಮ ಮನೆಯಲ್ಲಿ ಏಳು ವರ್ಷದ ಜಿಮ್ಮಿ ಇದ್ದಳು. ಮಗಳ ಹತ್ತನೆಯ ತರಗತಿಯ ವರ್ಷ. ಮನೆಯಾಕೆಗೆ ಮಂಡಿನೋವು, ಮೂರನೆಯ ಮಹಡಿ, ಲಿಫ್ಟ್ ಇಲ್ಲದ ಕಟ್ಟಡ. ಉಪನಗರದ ಒಂದು ಆಶ್ರಯಧಾಮಕ್ಕೆ ಭಾನುವಾರ ಬೆಳಿಗ್ಗೆ ಜಿಮ್ಮಿಯನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ಹೋದೆವು. ಕಿಸೆಯಲ್ಲಿ ದೇಣಿಗೆಯ ಚೆಕ್ ಸಹ ಬರೆದಿಟ್ಟುಕೊಂಡಿದ್ದೆವು. ಅಲ್ಲಿನ ಮೇಲ್ವಿಚಾರಕಿ ಮಾತನಾಡದೆ ನಮ್ಮನ್ನು ಒಳಗೆ ಕರೆದೊಯ್ದು ಒಂದು ಸುತ್ತು ತೋರಿಸಿದರು. ಲೋಕಲ್ ರೈಲಿಗೆ ಸಿಕ್ಕಿ ಹಿಂಗಾಲುಗಳನ್ನು ಕಳೆದುಕೊಂಡದ್ದು, ಮೈಮೇಲೆ ಬಿಸಿಯೆಣ್ಣೆ ಬಿದ್ದದ್ದು, ಹುಳ ಬಿದ್ದ ಗಾಯದಿಂದ ಕಣ್ಣು ಹೋದದ್ದು. ಕೊನೆಗೆ ಮರಾಠಿಯಲ್ಲಿ ಕೇಳಿದರು: "ಸಾಹೇಬರೇ, ಇವುಗಳಲ್ಲಿ ಯಾವುದನ್ನು ಹೊರಗೆ ಹಾಕಿ ನಿಮ್ಮದನ್ನು ಒಳಗಿಡಲಿ, ನೀವೇ ತೋರಿಸಿ." ಮನೆಯಲ್ಲಿ ಬೆಳೆದ ನಾಯಿ ಪಂಜರಕ್ಕೆ ಬಂದರೆ ದಿನಗಟ್ಟಲೆ ಅನ್ನ ಮುಟ್ಟುವುದಿಲ್ಲವೆಂದೂ, ಬೀದಿಯ ನಾಯಿಗಿರುವ ಗಟ್ಟಿತನ ಅದಕ್ಕಿರುವುದಿಲ್ಲವೆಂದೂ ಆಮೇಲೆ ಸಮಾಧಾನದಿಂದಲೇ ತಿಳಿಸಿದರು. ಚೆಕ್ಕನ್ನು ಅಲ್ಲಿಯೇ ಕೊಟ್ಟು, ಜಿಮ್ಮಿಯನ್ನು ಅದೇ ರಿಕ್ಷಾದಲ್ಲಿ ಹಿಂದಕ್ಕೆ ಕರೆತಂದೆವು. ವಾಚ್‌ಮನ್‌ನ ಮಗನಿಗೆ ತಿಂಗಳಿಗಿಷ್ಟೆಂದು ಗೊತ್ತುಮಾಡಿ ಬೆಳಗು-ಸಂಜೆ ತಿರುಗಾಡಿಸುವ ಏರ್ಪಾಡಾಯಿತು. ಇಷ್ಟು ಸುಲಭದ ಉಪಾಯ ಆ ಭಾನುವಾರಕ್ಕೆ ಮೊದಲು ಏಕೆ ಹೊಳೆಯಲಿಲ್ಲವೆಂಬುದು ನಮಗೇ ಒಗಟು.

ಆದ್ದರಿಂದ ಊರು ಬಿಡಬೇಕಾದವರು ಮೊದಲು ಯೋಚಿಸಬೇಕಾದದ್ದು ಬಂಧುಗಳು, ನೆರೆಹೊರೆ, ಹಣ ಪಡೆದು ಕೆಲಕಾಲ ನೋಡಿಕೊಳ್ಳುವ ಖಾಸಗಿ ಬೋರ್ಡಿಂಗ್‌ಗಳನ್ನು. ಬೋರ್ಡಿಂಗ್ ಆಗುವುದಾದರೆ ಮೊದಲೇ ಒಂದು ದಿನ ಹೋಗಿ ನೋಡಿ, ಲಸಿಕೆಯ ಪುಸ್ತಕ ಕೇಳುತ್ತಾರೆಯೇ ಎಂದು ಗಮನಿಸಿ. ಕೇಳದಿದ್ದರೆ ಅಲ್ಲಿ ಬಿಡಬೇಡಿ. ನಿಮ್ಮದನ್ನು ಕೇಳದವರು ಪಕ್ಕದ ಗೂಡಿನ ನಾಯಿಯದನ್ನೂ ಕೇಳಿರುವುದಿಲ್ಲ. ಶಾಶ್ವತವಾಗಿ ಬೇರೆ ಮನೆ ಹುಡುಕಬೇಕಾದಲ್ಲಿ ಪ್ರಾಣಿದಯಾ ಸಂಸ್ಥೆಗಳು ದತ್ತು ಪ್ರಕಟಣೆಗೆ ನೆರವಾಗುತ್ತವೆ. ಅಷ್ಟರವರೆಗೆ ನಾಯಿ ನಿಮ್ಮ ಮನೆಯಲ್ಲಿಯೇ ಇರಬೇಕು. ಇದಕ್ಕೆ ಕೆಲವು ತಿಂಗಳು ಹಿಡಿಯಬಹುದು, ಹೊರಡುವ ವಾರದಲ್ಲಿ ಆರಂಭಿಸುವ ಕೆಲಸವಲ್ಲ.

ಸಾಕಿದ ಪ್ರಾಣಿಯನ್ನು ಬೀದಿಗೆ ಬಿಟ್ಟುಹೋಗುವುದು ಅಪರಾಧ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೆಯ ಕಲಮು ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಭರತನಾಟ್ಯದ ಮೂಲಕ ನಾವೆಲ್ಲ ಬಲ್ಲ ರುಕ್ಮಿಣಿ ದೇವಿ ಅರುಂಡೇಲ್ ಅವರು ರಾಜ್ಯಸಭೆಯ ನಾಮಕರಣ ಸದಸ್ಯೆಯಾಗಿ ತಂದ ಖಾಸಗಿ ಮಸೂದೆಯ ಫಲವೇ ಈ ಕಾಯ್ದೆ. ಇದರ ಅನ್ವಯ 1962ರಲ್ಲಿ ರಚನೆಯಾದ ಪ್ರಾಣಿ ಕಲ್ಯಾಣ ಮಂಡಳಿಗೆ ಅವರೇ ಮೊದಲ ಅಧ್ಯಕ್ಷೆ. ಆದರೆ ಕಾಯ್ದೆ ನಿಗದಿಪಡಿಸಿದ ದಂಡ ಮೊದಲ ಅಪರಾಧಕ್ಕೆ 10ರಿಂದ 50 ರೂಪಾಯಿ! ಮೂರು ವರ್ಷದೊಳಗೆ ಮತ್ತೆ ಅದೇ ತಪ್ಪು ಮಾಡಿದರೆ 25ರಿಂದ 100 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ. 1960ರಲ್ಲಿ 50 ರೂಪಾಯಿ ಒಂದು ಮೊತ್ತವಾಗಿತ್ತು. ಇಂದು ಅದು ರಿಕ್ಷಾ ಬಾಡಿಗೆ. ಪ್ರಾಣಿಯನ್ನು ಕೊಲ್ಲುವುದು, ಅಂಗಹೀನಗೊಳಿಸುವುದು ಮಾತ್ರ ಗಂಭೀರ ಅಪರಾಧ: 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 325ನೆಯ ಕಲಮಿನಂತೆ ಐದು ವರ್ಷಗಳವರೆಗೆ ಸೆರೆವಾಸವಾಗಬಹುದು. ಅದೇ ಸಂಹಿತೆಯ 291ನೆಯ ಕಲಮು ಒಡೆಯರಿಗೆ ಅನ್ವಯಿಸುವಂಥದು. ತನ್ನ ಪ್ರಾಣಿಯಿಂದ ಇತರರಿಗೆ ಅಪಾಯವಾಗದಂತೆ ಎಚ್ಚರ ವಹಿಸದಿದ್ದರೆ ಆರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ.

ಇನ್ನು ಪರವಾನಿಗೆ. ಮುಂಬಯಿ ಮಹಾನಗರಪಾಲಿಕೆಯ ವ್ಯಾಪ್ತಿಯಲ್ಲಿ ನಾಯಿ ಸಾಕುವವರು ಪಾಲಿಕೆಯಿಂದ ಪರವಾನಿಗೆ ಪಡೆಯಬೇಕು, ಪ್ರತಿವರ್ಷ ನವೀಕರಿಸಬೇಕು. ಪಾಲಿಕೆಯ ಜಾಲತಾಣದಲ್ಲಿಯೇ ಅರ್ಜಿ ಸಲ್ಲಿಸಬಹುದು. ಇದಕ್ಕೆ ಮುಖ್ಯವಾಗಿ ಬೇಕಾದದ್ದು ರೇಬೀಸ್ ಲಸಿಕೆಯ ಪ್ರಮಾಣಪತ್ರ. ಲಾಕರಿನ ಬಾಡಿಗೆ, ವಿಮೆಯ ಕಂತು ಯಾವುದನ್ನೂ ತಪ್ಪಿಸದ ನಮ್ಮವರಲ್ಲಿ ಈ ಪರವಾನಿಗೆಯ ಹೆಸರನ್ನೇ ಕೇಳದವರು ಅನೇಕರಿದ್ದಾರೆ. ನಾಯಿ ಕಳೆದುಹೋದಾಗ, ಸೊಸೈಟಿಯಲ್ಲಿ ತಕರಾರೆದ್ದಾಗ ಅದು ನಿಮ್ಮದೆಂದು ಹೇಳುವ ಸರಕಾರಿ ಕಾಗದ ಇದೊಂದೇ. ಠಾಣೆ, ಡೊಂಬಿವಲಿ, ನವಿಮುಂಬಯಿಯವರು ತಮ್ಮ ತಮ್ಮ ಪಾಲಿಕೆಗಳಲ್ಲಿಯೇ ವಿಚಾರಿಸಬೇಕು. ರಸ್ತೆಯಲ್ಲಿ ನಾಯಿ ಹೊಲಸು ಮಾಡಿದರೆ ಒಡೆಯನೇ ಎತ್ತಬೇಕೆಂದು ಮುಂಬಯಿಯ 2006ರ ಸ್ವಚ್ಛತಾ ಉಪವಿಧಿಗಳು ಹೇಳಿದ್ದು, ಆಗ ಗೊತ್ತುಪಡಿಸಿದ ದಂಡ 500 ರೂಪಾಯಿ. ಹಳೆಯ ವೃತ್ತಪತ್ರಿಕೆಯ ಎರಡು ಹಾಳೆ ಕೈಯಲ್ಲಿದ್ದರೆ ಈ ವಿಷಯ ಅಲ್ಲಿಗೇ ಮುಗಿಯಿತು.

ಹೌಸಿಂಗ್ ಸೊಸೈಟಿಗಳ ಜಗಳ ಮಾತ್ರ ಸುಲಭವಾಗಿ ಮುಗಿಯುವಂಥದಲ್ಲ. "ನಮ್ಮ ಸೊಸೈಟಿಯಲ್ಲಿ ನಾಯಿ ಸಾಕಬಾರದೆಂದು ಸರ್ವಸದಸ್ಯರ ಸಭೆಯಲ್ಲಿ ಠರಾವಾಗಿದೆ" ಎಂದು ಕಾರ್ಯದರ್ಶಿಗಳು ಪತ್ರ ಕೊಡುವುದುಂಟು. ಪ್ರಾಣಿ ಕಲ್ಯಾಣ ಮಂಡಳಿ 2015ರ ಫೆಬ್ರುವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಬಹುಮತದಿಂದ ಅಂಗೀಕರಿಸಿದರೂ ಇಂಥ ನಿಷೇಧ ಕಾನೂನುಸಮ್ಮತವಲ್ಲ. ಸಣ್ಣ ನಾಯಿಗೆ ಒಪ್ಪಿಗೆ, ದೊಡ್ಡದಕ್ಕೆ ಇಲ್ಲ ಎನ್ನುವಂತಿಲ್ಲ. ಬೊಗಳುವುದೇ ಕಾರಣವೆಂದು ತೆಗೆದುಹಾಕಿಸುವಂತಿಲ್ಲ. ಲಿಫ್ಟ್ ಬಳಕೆಗೆ ತಡೆಯೊಡ್ಡುವಂತಿಲ್ಲ. ಕೇರಳ ಉಚ್ಚ ನ್ಯಾಯಾಲಯವೂ 2021ರಲ್ಲಿ ಇದೇ ನಿಲುವನ್ನು ಎತ್ತಿಹಿಡಿದಿದೆ. ಸಾರ್ವಜನಿಕ ಜಾಗದಲ್ಲಿ ನಾಯಿಯನ್ನು ಬೆಲ್ಟು ಹಾಕಿಯೇ ಕರೆದೊಯ್ಯಬೇಕೆಂದು ಕೇಳುವ ಅಧಿಕಾರ ಸೊಸೈಟಿಗಿದೆ. ನಮ್ಮ ಅನುಭವದಲ್ಲಿ ಕಾನೂನಿನ ಪ್ರತಿಯನ್ನು ಮೊದಲ ದಿನವೇ ಮುಖಕ್ಕೆ ಹಿಡಿದವರು ಗೆದ್ದರೂ ನೆಮ್ಮದಿಯಿಂದ ಬಾಳಲಿಲ್ಲ. ಲಿಫ್ಟಿನಲ್ಲಿ ಮಕ್ಕಳೋ ವೃದ್ಧರೋ ಇದ್ದರೆ ಮುಂದಿನ ಸರದಿಗೆ ಕಾಯುವುದು, ಹೊರಗೆ ಹೋಗುವಾಗ ಬೀಗ ಹಾಕಿದ ಮನೆಯಲ್ಲಿ ನಾಯಿ ಗಂಟೆಗಟ್ಟಲೆ ಕೂಗದಂತೆ ನೋಡಿಕೊಳ್ಳುವುದು ಕಾಗದಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ಬೀದಿನಾಯಿಗಳಿಗೆ ಅನ್ನ ಹಾಕುವವರ ಪ್ರಶ್ನೆ ಇನ್ನೂ ಜಟಿಲವಾದದ್ದು. 2001ರ ನಿಯಮಗಳ ಬದಲಿಗೆ ಬಂದ 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ, ಶಸ್ತ್ರಚಿಕಿತ್ಸೆ ಮತ್ತು ಲಸಿಕೆಯಾದ ನಾಯಿಯನ್ನು ಹಿಡಿದ ಜಾಗಕ್ಕೇ ಮರಳಿ ಬಿಡಬೇಕು. ಮಕ್ಕಳು ಆಡುವ ಸ್ಥಳ, ಮೆಟ್ಟಿಲು, ಕಟ್ಟಡದ ಬಾಗಿಲುಗಳಿಂದ ದೂರವಿರುವ ಜಾಗವನ್ನು ಆಹಾರ ಹಾಕಲು ನಿವಾಸಿಗಳ ಸಂಘವೇ ಗೊತ್ತುಪಡಿಸಬೇಕು. 2025ರಲ್ಲಿ ಸರ್ವೋಚ್ಚ ನ್ಯಾಯಾಲಯ ಈ ವಿಷಯವನ್ನು ತಾನಾಗಿಯೇ ಕೈಗೆತ್ತಿಕೊಂಡಿತು. ಆಗಸ್ಟ್ 11ರಂದು ದಿಲ್ಲಿ ಪ್ರದೇಶದ ಎಲ್ಲ ಬೀದಿನಾಯಿಗಳನ್ನು ಆಶ್ರಯಧಾಮಗಳಿಗೆ ಸಾಗಿಸಬೇಕೆಂದು ಆದೇಶವಾಯಿತು. ಆಗಸ್ಟ್ 22ರಂದು ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಮಾರ್ಪಡಿಸಿ, ರೇಬೀಸ್ ತಗುಲಿದ ಹಾಗೂ ಆಕ್ರಮಣಕಾರಿ ನಾಯಿಗಳನ್ನುಳಿದು ಮಿಕ್ಕವನ್ನು ಲಸಿಕೆ-ಶಸ್ತ್ರಚಿಕಿತ್ಸೆಯ ನಂತರ ಅದೇ ಪ್ರದೇಶಕ್ಕೆ ಬಿಡಬೇಕೆಂದಿತು, ಕಂಡಕಂಡ ಬೀದಿಯಲ್ಲಿ ಆಹಾರ ಹಾಕದೆ ಪ್ರತಿ ವಾರ್ಡಿನಲ್ಲಿ ಗೊತ್ತಾದ ಸ್ಥಳದಲ್ಲಿ ಹಾಕಬೇಕೆಂದಿತು, ವಿಚಾರಣೆಯನ್ನು ಎಲ್ಲ ರಾಜ್ಯಗಳಿಗೂ ವಿಸ್ತರಿಸಿತು. ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಕ್ರೀಡಾಂಗಣ, ಬಸ್ ಮತ್ತು ರೈಲು ನಿಲ್ದಾಣಗಳ ಆವರಣದ ನಾಯಿಗಳನ್ನು ಆಶ್ರಯಧಾಮಗಳಿಗೆ ಒಯ್ಯಬೇಕು, ಅಲ್ಲಿಗೇ ಮರಳಿ ಬಿಡಬಾರದು ಎಂಬ ಆದೇಶ ಬಂತು. ಮುಂಬಯಿಯ ಆಶ್ರಯಧಾಮಗಳ ಒಳಗನ್ನು ಕಂಡಿರುವ ನಮಗೆ, ಹೀಗೆ ಬರುವ ನಾಯಿಗಳಿಗೆ ಜಾಗವೆಲ್ಲಿ ಎಂಬ ಚಿಂತೆ ಉಳಿದೇ ಇದೆ. ಅನ್ನ ಹಾಕುವ ನಮ್ಮ ಹಿರಿಯರು, ಮುಖ್ಯವಾಗಿ ಮುಂಜಾನೆ ಹೊರಡುವ ಮಹಿಳೆಯರು, ತಮ್ಮ ವಾರ್ಡ್ ಕಚೇರಿಯಲ್ಲಿ ಗೊತ್ತಾದ ಸ್ಥಳ ಯಾವುದೆಂದು ಕೇಳಿಕೊಂಡು ಅಲ್ಲಿಯೇ ಹಾಕುವುದು ಕ್ಷೇಮ. ನಾಯಿಗಳ ಬಗೆಗಿನ ದೂರುಗಳಿಗೆ ಪಾಲಿಕೆಯ 1916 ಸಂಖ್ಯೆಯಿದೆ.

ಕಚ್ಚಿದಾಗ ಮಾಡಬೇಕಾದದ್ದನ್ನು ಪ್ರತ್ಯೇಕವಾಗಿ ಹೇಳಬೇಕು, ಏಕೆಂದರೆ ರೇಬೀಸ್ ಒಮ್ಮೆ ಕಾಣಿಸಿಕೊಂಡರೆ ಉಳಿಯುವುದಿಲ್ಲ. ಗಾಯವನ್ನು ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆಯಿರಿ. ಅರಿಸಿನ, ಸುಣ್ಣ, ಮೆಣಸಿನಪುಡಿ ಹಚ್ಚಬೇಡಿ. ನಮ್ಮ ಊರುಗಳ ಈ ಪದ್ಧತಿ ಮುಂಬಯಿಗೂ ಬಂದಿದೆ. ಅದೇ ದಿನ ಪಾಲಿಕೆಯ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಆರಂಭಿಸಿ. ರಕ್ತ ಬಂದಿದ್ದರೆ ಗಾಯದ ಸುತ್ತ ಇಮ್ಯುನೋಗ್ಲೋಬ್ಯುಲಿನ್ ಎಂಬ ಔಷಧವೂ ಬೇಕಾಗುತ್ತದೆ, ವೈದ್ಯರನ್ನು ನೀವೇ ಕೇಳಿ. ಹೇಳಿದ ತಾರೀಖುಗಳಲ್ಲಿ ಒಂದನ್ನೂ ಬಿಡಬಾರದು. ಸಾಕಿದ ನಾಯಿಗೆ ಮೂರು ತಿಂಗಳಿಗೆ ಮೊದಲ ರೇಬೀಸ್ ಲಸಿಕೆ, ಅನಂತರ ವೈದ್ಯರು ಹೇಳಿದಂತೆ ವರ್ಷಕ್ಕೊಮ್ಮೆ. ಮುಂಬಯಿಯಲ್ಲಿ ಇಲಿಜ್ವರದ ಲಸಿಕೆಯನ್ನೂ ಮರೆಯಬಾರದು. 2005ರ ಜುಲೈ 26ರ ಮಹಾಮಳೆಯ ನಂತರ ಲೆಪ್ಟೊಸ್ಪೈರೋಸಿಸ್ ಈ ನಗರದಲ್ಲಿ ಎಷ್ಟು ಜೀವಗಳನ್ನು ಕೊಂಡೊಯ್ದಿತೆಂಬುದು ಇಲ್ಲಿನ ಹಳಬರಿಗೆ ನೆನಪಿದೆ. ನಿಂತ ನೀರಿನಲ್ಲಿ ನಡೆದ ನಾಯಿಗೂ ಅದು ತಗುಲುತ್ತದೆ, ನಾಯಿಯಿಂದ ಮನೆಯವರಿಗೂ ಬರಬಹುದು.

ಪಂಜರದ ಗಿಳಿಯ ಕುರಿತು ಒಂದು ಮಾತು. ಕ್ರಾಫರ್ಡ್ ಮಾರುಕಟ್ಟೆಯ ಕಡೆಯಿಂದ ಹಸಿರು ಗಿಳಿಯನ್ನು ಕೊಂಡುತಂದು ಕನ್ನಡ ಮಾತು ಕಲಿಸಿದ ಮನೆಗಳನ್ನು ನಾವು ಬಲ್ಲೆವು. ನಮ್ಮ ದೇಶದ ಗಿಳಿ, ನಕ್ಷತ್ರ ಆಮೆ ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಅವುಗಳನ್ನು ಮಾರುವುದೂ ಸಾಕುವುದೂ ಅಪರಾಧ.

ಹೊಸದಾಗಿ ನಾಯಿ ತರುವವರಿಗೆ ನಮ್ಮ ಶಿಫಾರಸು ದೇಸಿ ಮರಿಯದು. ಸಂಸ್ಥೆಗಳು ಮನೆ ನೋಡಿ, ಬರೆಸಿಕೊಂಡು ಕೊಡುತ್ತವೆ. ದುಡ್ಡು ಕೊಟ್ಟೇ ತರುವುದಾದರೆ 2017ರ ನಿಯಮಗಳಂತೆ ನೋಂದಾಯಿತ ತಳಿಗಾರರಿಂದ ಮಾತ್ರ ಕೊಳ್ಳಿ, ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಪಿಟ್‌ಬುಲ್, ರಾಟ್‌ವೀಲರ್ ಮುಂತಾದ 23 ತಳಿಗಳ ಮೇಲೆ 2024ರ ಮಾರ್ಚಿನಲ್ಲಿ ಕೇಂದ್ರ ಸರಕಾರ ಹೊರಡಿಸಿದ್ದ ಸುತ್ತೋಲೆಯನ್ನು ಮರುತಿಂಗಳೇ ಕರ್ನಾಟಕ ಉಚ್ಚ ನ್ಯಾಯಾಲಯ ರದ್ದುಪಡಿಸಿತು. ಹಾಗೆಂದು ಎರಡು ಕೋಣೆಯ ಮನೆಗೆ ಅವು ಯೋಗ್ಯವೆಂದಲ್ಲ. ನಾಡಿನ ಅಭಿಮಾನದಿಂದ ಮುಧೋಳ ನಾಯಿ ತರುತ್ತೇವೆನ್ನುವ ಉತ್ಸಾಹಿಗಳೂ ಇದ್ದಾರೆ. 2005ರ ಅಂಚೆಚೀಟಿಯಲ್ಲಿ ಮೂಡಿದ ಆ ನಾಯಿ ಬಯಲಿನಲ್ಲಿ ಬೇಟೆಯ ಹಿಂದೆ ಓಡಲು ಹುಟ್ಟಿದ್ದು. ಗೋರೆಗಾಂವ್‌ನ ಬಾಲ್ಕನಿಯಲ್ಲಿ ಅದನ್ನು ಕಟ್ಟುವುದು ಅಭಿಮಾನವೆನಿಸದು.

ಊರಿಗೆ ರೈಲಿನಲ್ಲಿ ನಾಯಿಯನ್ನು ಕರೆದೊಯ್ಯಬೇಕೆನ್ನುವವರು ಗಮನಿಸಬೇಕು: ಹವಾನಿಯಂತ್ರಿತ ಮೊದಲ ದರ್ಜೆಯಲ್ಲಿ ಪೂರ್ತಿ ಕೂಪೆ ಅಥವಾ ಕ್ಯಾಬಿನ್ ನಿಮ್ಮ ಹೆಸರಿಗೇ ಸಿಕ್ಕಿದರೆ ಮಾತ್ರ ಜೊತೆಯಲ್ಲಿ ಇರಿಸಿಕೊಳ್ಳಬಹುದು, ಪಾರ್ಸೆಲ್ ಕಚೇರಿಯಲ್ಲಿ ಹಣ ತುಂಬಿ ರಸೀದಿ ಪಡೆಯಬೇಕು. ಎರಡನೆಯ, ಮೂರನೆಯ ದರ್ಜೆಯ ಎ.ಸಿ., ಸ್ಲೀಪರ್‌ಗಳಲ್ಲಿ ಅವಕಾಶವಿಲ್ಲ. ಇನ್ನೊಂದು ದಾರಿ ಗಾರ್ಡಿನ ಡಬ್ಬಿಯ ನಾಯಿಪೆಟ್ಟಿಗೆ. ಕತ್ತಲೆಯ ಆ ಪೆಟ್ಟಿಗೆಯಲ್ಲಿ ಇಡೀ ರಾತ್ರಿ ಕಳೆಯುವುದು ಮನೆನಾಯಿಗೆ ಕಠಿಣ.

ಗಂಭೀರ ಕಾಯಿಲೆಗಳಿಗೆ ಪರೇಲ್ ಅಲ್ಲದೆ, 2024ರ ಜುಲೈಯಲ್ಲಿ ಮಹಾಲಕ್ಷ್ಮಿಯಲ್ಲಿ ಆರಂಭವಾದ ಟಾಟಾ ಟ್ರಸ್ಟಿನ ಐದಂತಸ್ತಿನ ಸಣ್ಣ ಪ್ರಾಣಿಗಳ ಆಸ್ಪತ್ರೆಯಿದೆ. ಸತ್ತ ಸಾಕುಪ್ರಾಣಿಗಳ ದಹನಕ್ಕೆ ಪಾಲಿಕೆಯು 2023ರಲ್ಲಿ ಮಾಲಾಡ್‌ನಲ್ಲಿ ಅನಿಲ ಚಿತಾಗಾರವನ್ನು ತೆರೆದಿದೆ. 2017ರ ಆಗಸ್ಟಿನಲ್ಲಿ, ನಮ್ಮ ಜಿಮ್ಮಿ ಹನ್ನೆರಡು ತುಂಬಿ ತೀರಿಕೊಂಡ ರಾತ್ರಿ, ಆ ಸೌಲಭ್ಯ ಇರಲಿಲ್ಲ. ಹಳೆಯ ಜಮಖಾನೆಯಲ್ಲಿ ಸುತ್ತಿಕೊಂಡು ರಸ್ತೆಬದಿ ನಿಂತಾಗ ಮೂರು ಟ್ಯಾಕ್ಸಿಗಳು ಒಲ್ಲೆನೆಂದವು. ನಾಲ್ಕನೆಯವನು ಏನೂ ಕೇಳದೆ ಹಿಂದಿನ ಬಾಗಿಲು ತೆರೆದ. ಮಳೆಯಲ್ಲಿ ಪರೇಲ್ ತಲುಪಿದಾಗ ಬೆಳಗಿನ ಜಾವ ನಾಲ್ಕು ಗಂಟೆ. ಗೇಟು ತೆರೆಯುವವರೆಗೂ ಆತ ಮೀಟರ್ ನಿಲ್ಲಿಸಿ ನಮ್ಮೊಡನೆ ಕಾದಿದ್ದ.